1.6 ಲಕ್ಷ ಕಿ.ಮೀ. ಓಡಿದ ಕಾರು ಆಯಿಲ್ ಕುಡಿಯುತ್ತಿದೆ: ಅಡಿಟಿವ್ ಹಾಕಬೇಕೋ, ಇಂಜಿನ್ ಬಿಚ್ಚಬೇಕೋ?

ಪ್ರಶ್ನೆ, ಪಿಂಪ್ರಿಯಿಂದ

2012ರ ಸ್ವಿಫ್ಟ್ ಪೆಟ್ರೋಲ್, 1.2 ಕೆ-ಸೀರೀಸ್ ಇಂಜಿನ್, ಓಡಿದ್ದು 1,62,000 ಕಿ.ಮೀ. ವಾರವೆಲ್ಲ ಹಿಂಜವಡಿ ಟ್ರಾಫಿಕ್, ಆಗಾಗ ಹುಬ್ಬಳ್ಳಿ. ಸಾವಿರ ಕಿ.ಮೀ.ಗೆ ಅರ್ಧ ಲೀಟರ್‌ಗಿಂತ ಹೆಚ್ಚು ಆಯಿಲ್ ಇಳಿಯುತ್ತಿದೆ, ಕೆಳಗೆ ಹನಿ ಬೀಳುವುದಿಲ್ಲ. ಹಾಕುವುದು 5ಡಬ್ಲ್ಯು-30 ಗ್ರೇಡಿನ ಆಯಿಲ್. ಗ್ಯಾರೇಜಿನಲ್ಲಿ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಕೆಲಸ, ಇಂಜಿನ್ ಬಿಚ್ಚಬೇಕು ಅನ್ನುತ್ತಾರೆ. ನಾನಾ ಪೇಠೆಯ ಸ್ಪೇರ್ ಅಂಗಡಿಯಲ್ಲಿ ಆಯಿಲ್‌ಗೆ ಸೇರಿಸುವ ಅಡಿಟಿವ್‌ನ ಮೂರು ಬಗೆಯ ಡಬ್ಬಿ ತೋರಿಸಿದರು. ಇವುಗಳಿಂದ ನಿಜವಾಗಿ ಉಪಯೋಗ ಇದೆಯೇ? ಗೊತ್ತಿದ್ದವರು ತಿಳಿಸಿ.

ಚಿಂಚವಾಡದಿಂದ

ಡಬ್ಬಿ ಕೊಳ್ಳೂದು ಆಮ್ಯಾಲೆ. ಮೊದಲ ಎಷ್ಟು ಕುಡೀತದ ಅನ್ನೂದು ಸರಿಯಾಗಿ ಅಳೀರಿ. ಸಪಾಟ ಜಾಗಾದಾಗ ಗಾಡಿ ನಿಲ್ಲಿಸಿ, ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ಕಿನ (ಆಯಿಲ್ ಅಳೆಯೋ ಕಡ್ಡಿ) ಮ್ಯಾಕ್ಸ್ ಗೆರಿ ತನಕ ಆಯಿಲ್ ತುಂಬ್ರಿ. 1000 ಕಿ.ಮೀ. ಆದ ಮ್ಯಾಲೆ ಅದ ಜಾಗಾದಾಗ, ಅಳತಿ ಗೆರಿ ಇರೋ ಬಾಟ್ಲಿಯಿಂದ ಮತ್ತ ಮ್ಯಾಕ್ಸ್ ತನಕ ಹಾಕ್ರಿ. ಬಾಟ್ಲಿಯೊಳಗ ಎಷ್ಟು ಕಮ್ಮಿ ಆತೋ ಅದ ಲೆಕ್ಕ.

ಬರೇ ಸಿಟಿಯೊಳಗಿನ ಲೆಕ್ಕ ನಂಬಬ್ಯಾಡ್ರಿ. ಸಣ್ಣ ಓಡಾಟದಾಗ ಇಂಜಿನ್ ಪೂರ್ತಿ ಕಾಯೂದಿಲ್ಲ, ಸ್ವಲ್ಪ ಪೆಟ್ರೋಲ್ ರಿಂಗ್ ದಾಟಿ ಆಯಿಲ್‌ನ್ಯಾಗ ಸೇರತದ. ಆಯಿಲ್ ಕಮ್ಮಿ ಆದರೂ ಲೆವೆಲ್ ಇದ್ದಲ್ಲೇ ಕಾಣತದ. ಹುಬ್ಬಳ್ಳಿ ರಸ್ತಾ ಹಿಡದು ಒಂದೇ ಸಮ ಹೊಡದಾಗ ಆ ಪೆಟ್ರೋಲ್ ಆವಿಯಾಗಿ ಹೋಗಿ ಡಿಪ್‌ಸ್ಟಿಕ್ ಧಡಕ್ನ ಇಳೀತದ. ಜನ ಹೈವೇದಾಗ ಆಯಿಲ್ ಕುಡೀತು ಅಂತಾರ. ಖರೇ ಅಂದ್ರ ಮೊದಲಿಂದನೂ ಕುಡೀತಿತ್ತು.

ಹೊಗಿ ಯಾವಾಗ ಬರತದ ನೋಡ್ರಿ. ರಾತ್ರಿ ನಿಂತ ಗಾಡಿ ಮುಂಜಾನೆ ಸ್ಟಾರ್ಟ್ ಆದ ಕೂಡಲೆ ನೀಲಿ ಹೊಗಿ ಉಗುಳಿ ಸುಮ್ಮನಾದರ ವಾಲ್ವ್ ಸೀಲ್ (ವಾಲ್ವ್ ಹತ್ರ ಆಯಿಲ್ ತಡಿಯೋ ರಬ್ಬರ್) ಹೋಗ್ಯಾವ. ಖಂಬಾಟಕಿ ಘಾಟ ಗೇರ್‌ನ್ಯಾಗ ಇಳದು, ಕೆಳಗ ಬಂದು ಎಕ್ಸಿಲರೇಟರ್ ಒತ್ತಿದಾಗ ಒಮ್ಮೆ ಬುಸ್ ಅಂದರೂ ಬಹಳ ಮಾಡಿ ಅದ. ಇಳಿಜಾರಿನ್ಯಾಗ ಥ್ರಾಟಲ್ ಮುಚ್ಚಿರತದ, ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್, ವಾಲ್ವ್ ಓಡಾಡೋ ಕೊಳವಿ ಅಂದ್ರ ವಾಲ್ವ್ ಗೈಡ್‌ನಿಂದ ಆಯಿಲ್ ಎಳಕೋತದ. ಲೋಡ್ ಹೇರಿ ಘಾಟ ಏರೋವಾಗ ಸತತ ಹೊಗಿ ಬಂದರ ರಿಂಗ್ ಕಡೆ ನೋಡಬೇಕು.

ಡೊಂಬಿವಲಿಯಿಂದ

ಎಲ್ಲಕ್ಕಿಂತ ಮೊದಲು ಪಿಸಿವಿ ವಾಲ್ವ್ ನೋಡಿ, ಅಂದರೆ ಇಂಜಿನ್ ಒಳಗಿನ ಆವಿಯನ್ನು ಇಂಟೇಕ್‌ಗೆ ಬಿಡುವ ವಾಲ್ವ್. ಅಗ್ಗದ ಭಾಗ, ಆದರೆ ಯಾರೂ ನೋಡುವುದಿಲ್ಲ. ತೆಗೆದು ಅಲ್ಲಾಡಿಸಿದರೆ ಟಕಟಕ ಸದ್ದು ಬರಬೇಕು. ತೆರೆದಂತೆಯೇ ಅಂಟಿಕೊಂಡಿದ್ದರೆ ಕ್ರ್ಯಾಂಕ್‌ಕೇಸಿನ ಆಯಿಲ್ ಮಂಜನ್ನು ನೇರ ಇಂಟೇಕ್‌ಗೆ ಎಳೆಯುತ್ತದೆ. ಮುಚ್ಚಿ ಕಟ್ಟಿಕೊಂಡಿದ್ದರೆ ಒಳಗೆ ಒತ್ತಡ ಏರಿ ರಿಂಗ್, ಸೀಲ್ ದಾಟಿ ಆಯಿಲ್ ತಳ್ಳುತ್ತದೆ. ಹೊಸದು ಹಾಕಿ ಮತ್ತೆ 1000 ಕಿ.ಮೀ. ಅಳೆಯಿರಿ.

ಆಮೇಲೆ ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಎಂಬ ಪರೀಕ್ಷೆ. ಇಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ತೆಗೆದಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು, ಫ್ಯೂಯಲ್ ಪಂಪ್ ಫ್ಯೂಸ್ ಕಿತ್ತಿರಬೇಕು. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇ. 15ರಷ್ಟು ಕೆಳಗಿದ್ದರೆ ಅದರಲ್ಲಿ 5 ಮಿ.ಲೀ. ಆಯಿಲ್ ಹಾಕಿ ಮತ್ತೆ ನೋಡಿ. ರೀಡಿಂಗ್ ಮೇಲೇರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಇದರಲ್ಲಿ ಒಂದು ಮೋಸ ಇದೆ: ಕಂಪ್ರೆಷನ್ ಹಿಡಿಯುವುದು ಮೇಲಿನ ಎರಡು ರಿಂಗ್. ಆಯಿಲ್ ಕೆರೆಯುವುದು ಮೂರನೆಯದು. ಮೂರನೆಯದು ಕಾರ್ಬನ್‌ನಲ್ಲಿ ಅಂಟಿಕೊಂಡು ಸತ್ತಿದ್ದರೂ ಗೇಜ್ ಚೆನ್ನಾಗೇ ತೋರಿಸುತ್ತದೆ.

ಇನ್ನು ಡಬ್ಬಿಗಳು. ಸಾಮಾನ್ಯವಾಗಿ ಮೂರು ಜಾತಿ.

ದಪ್ಪ ಮಾಡುವವು, ಲೂಕಾಸ್ ಆಯಿಲ್ ಸ್ಟೆಬಿಲೈಜರ್ ತರಹದವು. ಒಟ್ಟು ಆಯಿಲ್‌ನ ಶೇ. 20 ಹಾಕಲು ಹೇಳುತ್ತಾರೆ. ನಿಮ್ಮ ಇಂಜಿನ್‌ಗೆ ಫಿಲ್ಟರ್ ಸೇರಿ ಹಿಡಿಯುವುದು ಸುಮಾರು 3.1 ಲೀಟರ್, ಅಂದರೆ 600 ಮಿ.ಲೀ. ಅಷ್ಟು ಆಯಿಲ್ ಕಡಿಮೆ ಹಾಕಿ ಅದರ ಜಾಗದಲ್ಲಿ ಇದನ್ನು ಹಾಕಬೇಕು, ಮೇಲಿಂದ ಸುರಿದರೆ ಲೆವೆಲ್ ಮೀರುತ್ತದೆ. ಇದು ಏನನ್ನೂ ರಿಪೇರಿ ಮಾಡುವುದಿಲ್ಲ, ಸೋರುವ ವೇಗ ಇಳಿಸುತ್ತದೆ ಅಷ್ಟೇ. ಜೊತೆಗೆ ಆಯಿಲ್‌ನಲ್ಲಿರುವ ಡಿಟರ್ಜೆಂಟ್ ತೆಳುವಾಗುತ್ತದೆ. ಗಾಡಿ ಮಾರುವವರಿಗೆ ಹೇಳಿಮಾಡಿಸಿದ ಸಾಮಾನು.

ಸೀಲ್ ಮೆತ್ತಗೆ ಮಾಡುವವು. ರಬ್ಬರ್ ಒಣಗಿ ಗಟ್ಟಿಯಾದ ವಾಲ್ವ್ ಸೀಲ್‌ಗೆ ಇವುಗಳಿಂದ ಸ್ವಲ್ಪ ಜೀವ ಬರುತ್ತದೆ. ಫಲ ಕಾಣಲು 600–800 ಕಿ.ಮೀ. ಓಡಬೇಕು. ಮರುದಿನವೇ ಹೊಗೆ ನೋಡಿ ಬೈಯಬೇಡಿ. ಸೀಲ್ ಹರಿದಿದ್ದರೆ ಅಥವಾ ಗೈಡ್ ಸವೆದಿದ್ದರೆ ದುಡ್ಡು ದಂಡ.

ಮೂರನೆಯದು ಫ್ಲಶ್. ಹಳೆ ಆಯಿಲ್‌ಗೆ ಹಾಕಿ, ಡಬ್ಬಿಯ ಮೇಲೆ ಬರೆದಷ್ಟು ನಿಮಿಷ, ಸಾಮಾನ್ಯವಾಗಿ 10, ಬರೀ ಐಡಲ್‌ನಲ್ಲಿ ಓಡಿಸಿ, ಬಿಸಿಯಲ್ಲೇ ಇಳಿಸುವುದು. ರಿಂಗ್ ಹಿಂದಿನ ಕಾರ್ಬನ್ ಹತ್ತು ನಿಮಿಷದಲ್ಲಿ ಕರಗುವಂಥದ್ದಲ್ಲ. ಆಯಿಲ್ ಮುಚ್ಚಳದ ಕೆಳಗೆ ಕಪ್ಪು ಗಂಜಿಯಂತೆ ಸ್ಲಡ್ಜ್ ಕಂಡರೆ ಫ್ಲಶ್ ಮುಟ್ಟಲೇಬೇಡಿ. ಕಿತ್ತುಬಂದ ತುಂಡು ಚೇಂಬರಿನ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಜಾಲರಿಗೆ ಅಡ್ಡ ಕೂತರೆ ಬೇರಿಂಗ್ ಹೋಗುತ್ತದೆ.

ಚೆಂಬೂರಿನಿಂದ

ಇದನ್ನು ಓದುವ ಡೀಸೆಲ್ ಗಾಡಿಯವರಿಗೆ: ಟರ್ಬೊ ಸೀಲ್ ಹೋಗಿ ಆಯಿಲ್ ಕಡಿಮೆಯಾಗುತ್ತಿದ್ದರೆ ಯಾವ ಡಬ್ಬಿಯೂ ಬೇಡ. ಇಂಟರ್‌ಕೂಲರ್ ಪೈಪ್ ಬಿಚ್ಚಿ ನೋಡಿ: ತೆಳು ಜಿಡ್ಡು ಪರವಾಗಿಲ್ಲ, ಆಯಿಲ್ ನಿಂತಿದ್ದರೆ ಟರ್ಬೊ ತೋರಿಸಿ. ತಡ ಮಾಡಿದರೆ ಇಂಜಿನ್ ತನ್ನ ಆಯಿಲನ್ನೇ ಇಂಧನ ಮಾಡಿಕೊಂಡು ಓಡುತ್ತದೆ, ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಆಗ ಬ್ರೇಕ್ ಗಟ್ಟಿ ಒತ್ತಿ, ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಉಸಿರು ಕಟ್ಟಿಸಬೇಕು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಗಾಡಿಗೆ ಬೂದಿ ಬಿಡುವ ಅಡಿಟಿವ್ ಹಾಕಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಫಿಲ್ಟರ್ ತಾನೇ ಮಸಿ ಸುಟ್ಟುಕೊಳ್ಳುವ ರೀಜನರೇಶನ್‌ನಲ್ಲೂ ಆ ಬೂದಿ ಸುಡುವುದಿಲ್ಲ.

ಮಡಗಾಂವ್‌ನಿಂದ

ವಾಲ್ವ್ ಸೀಲ್ ಅಂತ ಖಾತ್ರಿಯಾದರೆ ಹೆಡ್ (ವಾಲ್ವ್‌ಗಳಿರುವ ಇಂಜಿನ್ ಮೇಲ್ಭಾಗ) ಇಳಿಸಲೇಬೇಕಾಗಿಲ್ಲ. ಪಿಸ್ಟನ್ ಸ್ವಲ್ಪ ಕೆಳಗಿರುವಾಗ ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕಿ, ಕ್ರ್ಯಾಂಕ್ ತಿರುಗಿಸಿ ಪಿಸ್ಟನ್ ಮೇಲೆತ್ತಿದರೆ ಹಗ್ಗ ವಾಲ್ವ್‌ಗೆ ಆನಿಕೊಳ್ಳುತ್ತದೆ. ಸ್ಪ್ರಿಂಗ್ ಬಿಚ್ಚಿದರೂ ವಾಲ್ವ್ ಒಳಗೆ ಬೀಳುವುದಿಲ್ಲ. ಹಗ್ಗದ ತುದಿ ಹೊರಗೇ ಇರಲಿ. ಈ ಇಂಜಿನ್‌ನಲ್ಲಿ ಎರಡು ಕ್ಯಾಮ್‌ಶಾಫ್ಟ್ ತೆಗೆಯಬೇಕು, ಟೈಮಿಂಗ್ ಚೈನ್ ಗುರುತು ತಪ್ಪಬಾರದು. ಇದನ್ನು ಮಾಡಿ ಕೈ ಪಳಗಿದ ಮೆಕ್ಯಾನಿಕ್ ಬೇಕು, ಇಲ್ಲವಾದರೆ ಹೆಡ್ ಇಳಿಸಿಯೇ ಮಾಡಿಸಿ.

ಪಿಂಪ್ರಿಯಿಂದ ಮತ್ತೆ

ಪಿಸಿವಿ ಹೊಸದು ಹಾಕಿಸಿದೆ, ಬದಲಾವಣೆ ಇಲ್ಲ. ಬೆಳಿಗ್ಗೆ ಹೊಗೆ ಇಲ್ಲ, ಘಾಟ್ ಏರುವಾಗ ಇದೆ. ಕಂಪ್ರೆಷನ್ ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ. ಎರಡು ಪ್ಲಗ್‌ಗಳ ಮೇಲೆ ಬಿಳಿ ಬೂದಿ ಗಟ್ಟಿಯಾಗಿ ಕೂತಿದೆ.

ಭೋಸರಿಯಿಂದ

ಹಾಗಿದ್ದರೆ ಆಯಿಲ್ ರಿಂಗ್ ಅಂಟಿರುವ ಸಾಧ್ಯತೆಯೇ ಹೆಚ್ಚು. ಆ ರಿಂಗ್ ಕೆರೆದ ಆಯಿಲ್ ಪಿಸ್ಟನ್ನಿನ ಸಣ್ಣ ತೂತುಗಳಿಂದ ಒಳಗೆ ಇಳಿಯಬೇಕು. ತೂತು ಕಾರ್ಬನ್‌ನಿಂದ ಮುಚ್ಚಿದರೆ ಆಯಿಲ್ ಮೇಲೇ ಉಳಿದು ಸುಡುತ್ತದೆ. ಇಲ್ಲಿ ರಾಸಾಯನಿಕಕ್ಕೆ ನಿಜವಾದ ಅವಕಾಶ ಇದೆ, ಆದರೆ ಆಯಿಲ್‌ಗೆ ಹಾಕಿ ಅಲ್ಲ, ಮೇಲಿಂದ ನೆನೆಸಿ.

ಇಂಜಿನ್ ಬೆಚ್ಚಗಿರುವಾಗ ಇಗ್ನಿಷನ್ ಕಾಯಿಲ್, ಪ್ಲಗ್ ತೆಗೆಯಿರಿ. ಕ್ರ್ಯಾಂಕ್ ಬೋಲ್ಟ್‌ಗೆ ಸಾಕೆಟ್ ಹಾಕಿ, ಇಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸಿ ನಾಲ್ಕೂ ಪಿಸ್ಟನ್ ನಡುಮಟ್ಟಕ್ಕೆ ತನ್ನಿ. ಪ್ಲಗ್ ತೂತಿನಲ್ಲಿ ಒಂದೇ ಉದ್ದದ ಪ್ಲಾಸ್ಟಿಕ್ ಕಡ್ಡಿ ಇಳಿಸಿದರೆ ಗೊತ್ತಾಗುತ್ತದೆ. ಪ್ರತಿ ಸಿಲಿಂಡರ್‌ಗೆ 30–40 ಮಿ.ಲೀ. ಕ್ಲೀನರ್. ಪಾಲಿಈಥರ್ ಅಮೀನ್ ಇರುವ ಫ್ಯೂಯಲ್ ಸಿಸ್ಟಮ್ ಕ್ಲೀನರ್ ಆಗುತ್ತದೆ. ಪೇಂಟ್ ಥಿನ್ನರ್ ಸಲಹೆ ಕೊಡುವವರಿದ್ದಾರೆ, ಬೇಡ. ಕೆಲವು ಗಂಟೆಗೊಮ್ಮೆ ಕ್ರ್ಯಾಂಕ್ ಸ್ವಲ್ಪ ಅಲುಗಿಸಿ, ಇಂಗಿದಷ್ಟು ಮತ್ತೆ ಹಾಕಿ, ಒಂದು ರಾತ್ರಿ ಬಿಡಿ. ಒಂದರಲ್ಲಿ ಬೇಗ ಇಂಗಿ, ಇನ್ನೊಂದರಲ್ಲಿ ಬೆಳಿಗ್ಗೆಯೂ ನಿಂತಿದ್ದರೆ ಆ ನಿಂತದ್ದನ್ನು ಮತ್ತೊಂದು ದಿನ ನೆನೆಸಬಹುದು.

ಮುಂದಿನ ಹೆಜ್ಜೆಯಲ್ಲೇ ಇಂಜಿನ್ ಹಾಳಾಗುವುದು. ಉಳಿದ ದ್ರವವನ್ನು ಸಿರಿಂಜ್ ಮತ್ತು ಪೈಪಿನಿಂದ ಪೂರ್ತಿ ಎಳೆದು ತೆಗೆಯಿರಿ. ಫ್ಯೂಯಲ್ ಪಂಪ್ ಫ್ಯೂಸ್ ಕಿತ್ತು, ಕಾಯಿಲ್ ಕನೆಕ್ಟರ್ ಬಿಡಿಸಿ, ತೂತುಗಳ ಮೇಲೆ ಬಟ್ಟೆ ಹಾಸಿ, ಪ್ಲಗ್ ಇಲ್ಲದೆಯೇ 5–10 ಸೆಕೆಂಡ್ ಕ್ರ್ಯಾಂಕ್ ಮಾಡಿ (ಸ್ಟಾರ್ಟರ್‌ನಿಂದ ತಿರುಗಿಸಿ). ಪ್ಲಗ್ ಹಾಕಿಬಿಟ್ಟು ಕ್ರ್ಯಾಂಕ್ ಮಾಡಿದರೆ ದ್ರವ ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಚೇಂಬರಿಗೆ ಇಳಿದ ಕ್ಲೀನರ್ ಆಯಿಲ್ ತೆಳು ಮಾಡಿರುತ್ತದೆ, ಹಾಗಾಗಿ ಸ್ಟಾರ್ಟ್ ಮಾಡುವ ಮೊದಲೇ ಆಯಿಲ್, ಫಿಲ್ಟರ್ ಎರಡೂ ಬದಲಿಸಿ. ಸ್ಟಾರ್ಟ್ ಆದಮೇಲೆ ದಟ್ಟ ಹೊಗೆ ಬರುತ್ತದೆ. ಬಯಲಿನಲ್ಲಿ ಮಾಡಿ, ಸೊಸೈಟಿಯ ಬೇಸ್‌ಮೆಂಟ್‌ನಲ್ಲಿ ಮಾಡಿದರೆ ಅಗ್ನಿಶಾಮಕದವರಿಗಿಂತ ಮೊದಲು ಸೆಕ್ರೆಟರಿ ಬರುತ್ತಾರೆ.

ಡೊಂಬಿವಲಿಯಿಂದ

ನೆನೆಸಿದ ಮೇಲೆ ಹಾಕುವ ಆಯಿಲ್ 5ಡಬ್ಲ್ಯು-40, ಎಪಿಐ ಎಸ್‌ಪಿ ದರ್ಜೆ ಇರಲಿ. ಪುಣೆಯ ಚಳಿಗೆ 10ಡಬ್ಲ್ಯು-40 ಕೂಡ ಸಾಕು. 20ಡಬ್ಲ್ಯು-50 ಬೇಡ, ಬಹಳ ದಪ್ಪ. ವಿವಿಟಿ (ವಾಲ್ವ್ ತೆರೆಯುವ ಸಮಯ ಬದಲಿಸುವ ವ್ಯವಸ್ಥೆ) ಮತ್ತು ಚೈನ್ ಟೆನ್ಷನರ್ ಆಯಿಲ್ ಒತ್ತಡದ ಮೇಲೆಯೇ ನಡೆಯುತ್ತವೆ. ಮೊದಲ ಆಯಿಲ್ 1500 ಕಿ.ಮೀ.ಗೇ ಇಳಿಸಿ, ಸಡಿಲಾದ ಕಾರ್ಬನ್ ಅದರಲ್ಲೇ ಬರುತ್ತದೆ. ನಂತರ 5000ಕ್ಕೊಮ್ಮೆ. ಹೊಸ ಲೆಕ್ಕ ಎರಡನೇ ಆಯಿಲ್‌ನಿಂದ ಶುರು ಮಾಡಿ.

ಚಿಂಚವಾಡದಿಂದ

ಅರ್ಧ ಲೀಟರ್ ಇದ್ದದ್ದು 200 ಮಿ.ಲೀ.ಗೆ ಬಂದರ ಅಲ್ಲಿಗೇ ಬಿಡ್ರಿ, ಟಾಪ್‌ಅಪ್ ಮಾಡ್ಕೋತ ಓಡಸ್ರಿ. ಒಂದು ಲೀಟರ್ ಹತ್ರ ಹೋದರ ರಿಂಗ್ ಕೆಲಸ ತಪ್ಪಿದ್ದಲ್ಲ, ಆಯಿಲ್‌ನ್ಯಾಗಿನ ರಂಜಕ ಕ್ಯಾಟಲಿಟಿಕ್ ಕನ್ವರ್ಟರ್ ತಿಂದು ಪಿಯುಸಿಗೂ ಅಡ್ಡ ಬರತದ. ಆದರ ದುಡ್ಡು ಹಾಕೋ ಮುಂದ ಒಂದು ಲೆಕ್ಕ ಹಾಕ್ರಿ: 2012ರ ಗಾಡಿಗೆ 2027ಕ್ಕ 15 ವರ್ಷ, ಆರ್‌ಸಿ ರಿನ್ಯೂವಲ್‌ಗೆ ಬರತದ. ಅಲ್ಲೀತನಕ ಡಿಕ್ಕಿಯೊಳಗ ಅದ ಗ್ರೇಡಿನ ಒಂದು ಲೀಟರ್ ಇಟ್ಟು, ಹುಬ್ಬಳ್ಳಿಗೆ ಹೋಗೋವಾಗ ಕೊಲ್ಲಾಪುರದಾಗ ಚಹಾಕ್ಕ ನಿಂತಾಗ ಡಿಪ್‌ಸ್ಟಿಕ್ ನೋಡ್ರಿ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ಲೈಟ್ ಲೆವೆಲ್ ಹೇಳೂದಿಲ್ಲ, ಒತ್ತಡ ಹೋದ ಮ್ಯಾಲೆ ಹತ್ತತದ.