ಪದಚರ್ಚೆ: ಟ್ಯಾಕಿಕಾರ್ಡಿಯಾಕ್ಕೆ ಕನ್ನಡ ಪದ ಬೇಕಾಗಿದೆ (ನಾಳೆ ಸಂಜೆಯೊಳಗೆ)

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹೃದಯದ ಬಡಿತ ಆಗಾಗ ಮಿತಿಮೀರಿ ಏರುವ ತೊಂದರೆಯೊಂದಿಗೆ ಬದುಕುತ್ತಿರುವವರಿಗಾಗಿ ಬರೆದ ಸಣ್ಣ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ರೋಗಿಗಳು ಸದಾ ಜೇಬಿನಲ್ಲಿ ಇಟ್ಟುಕೊಳ್ಳಬೇಕಾದ ಚೀಟಿಯೊಂದೂ ಅದರ ಜೊತೆಗಿದೆ. ಎರಡೂ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಒಳಗಿನ ಬರಹ ಬಹುಮಟ್ಟಿಗೆ ಮುಗಿದಿದೆ. ಶೀರ್ಷಿಕೆಯ ಪದ ಮಾತ್ರ ಕೈಗೆ ಹತ್ತಿಲ್ಲ.

ಮೂಲದಲ್ಲಿರುವುದು ಟ್ಯಾಕಿಕಾರ್ಡಿಯಾ. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ 60ರಿಂದ 100 ಬಾರಿ ಬಡಿಯುತ್ತದೆ. 100ನ್ನು ದಾಟಿದ್ದಕ್ಕೆಲ್ಲ ಈ ಹೆಸರು. ಆದರೆ ಕೈಪಿಡಿ ಹೇಳುತ್ತಿರುವುದು ಓಡಿದಾಗಲೋ ಜ್ವರ ಬಂದಾಗಲೋ ಏರುವ ಬಡಿತದ ವಿಷಯವನ್ನಲ್ಲ. ಸುಮ್ಮನೆ ಕುಳಿತಿರುವಾಗಲೇ ಸ್ವಿಚ್ಚು ಒತ್ತಿದಂತೆ ಬಡಿತ ಒಮ್ಮೆಲೇ 150, 180, ಕೆಲವರಲ್ಲಿ 200ರ ಆಚೆಗೂ ಹೋಗಿ, ಕೆಲವು ನಿಮಿಷವೋ ಕೆಲವು ಗಂಟೆಯೋ ಹಾಗೆಯೇ ಇದ್ದು, ಬಂದಷ್ಟೇ ಹಠಾತ್ತಾಗಿ ಬಿಟ್ಟುಹೋಗುವ ಬಗೆಯೊಂದಿದೆ. ವೈದ್ಯರು ಅದನ್ನು ಎಸ್‌ವಿಟಿ (ಸುಪ್ರಾವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ) ಎನ್ನುತ್ತಾರೆ. ಕೈಪಿಡಿ ಅದರದು.

ರೋಗದ ಹೆಸರಿನ ಜೊತೆಗೆ, ಹೀಗೆ ಒಂದು ಸಲ ಬಂದುಹೋಗುವುದಕ್ಕೂ ಪದ ಬೇಕು. ಮೂಲದಲ್ಲಿ ಅಟ್ಯಾಕ್ ಎಂದಿದೆ. 'ದಾಳಿ' ಅಥವಾ 'ಆಘಾತ' ಎಂದು ಬರೆದರೆ ಓದುವವರು ಹೃದಯಾಘಾತವೆಂದೇ ತಿಳಿಯುತ್ತಾರೆ. ನಿಘಂಟುಗಳಲ್ಲಿ ಸಿಕ್ಕ ಉದ್ದನೆಯ ಪದಗಳನ್ನು ರೋಗಿಗಳಿಗೆ ಓದಿ ಹೇಳಿದೆ, ಯಾರಿಗೂ ತಿಳಿಯಲಿಲ್ಲ. ದಯವಿಟ್ಟು ಬೇಗ ತಿಳಿಸಿ.

ಉತ್ತರ 1

'ಬಿರುಬಡಿತ' ಎಂದು ಬರೆಯಿರಿ. ಬಿರುಗಾಳಿಯನ್ನೂ ಬಿರುಬಿಸಿಲನ್ನೂ ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಧಾನವಾಗಿ ಬಡಿಯುವುದಕ್ಕೆ 'ಮೆಲುಬಡಿತ', ತಾಳ ತಪ್ಪಿ ಬಡಿಯುವುದಕ್ಕೆ 'ತಪ್ಪುಬಡಿತ' ಎಂದರೆ ಬ್ರಾಡಿಕಾರ್ಡಿಯಾ, ಅರಿದ್ಮಿಯಾ ಎರಡೂ ತೀರಿದವು. 'ಹೃದಯ'ವೂ ಬೇಡ, ನಮಗೆ ಗುಂಡಿಗೆ ಇದೆ. ಟ್ಯಾಕಿಕಾರ್ಡಿಯಾ ಎಂದೇ ಇಡಿ ಎನ್ನುವವರು ಈಗ ಬರುತ್ತಾರೆ. ಅವರ ಮಾತನ್ನು ಕೇಳಬೇಡಿ.

ಉತ್ತರ 2

'ಬಿರು' ಎಂಬುದು ಹಳಗನ್ನಡದ 'ಬಿಱು'. ಅದರ ಅರ್ಥ ಗಡಸು, ಒರಟು. ಅದಕ್ಕೂ ವೇಗಕ್ಕೂ ನೇರ ಸಂಬಂಧವಿಲ್ಲ. ಗ್ರೀಕಿನ ಟ್ಯಾಕಿಸ್ ಎಂದರೆ ವೇಗವುಳ್ಳದ್ದು, ಕಾರ್ಡಿಯಾ ಎಂದರೆ ಹೃದಯ. ಈ ಎರಡನ್ನೂ ಒಳಗೊಂಡ ಪದ ನಮ್ಮ ಆಯುರ್ವೇದದಲ್ಲಿ ಆಗಲೇ ಇದೆ, ಅದು 'ಹೃದ್ದ್ರವ'. ಇಲ್ಲಿನ 'ದ್ರವ'ಕ್ಕೆ ಓಡು ಎಂಬ ಅರ್ಥದ 'ದ್ರು' ಧಾತು ಮೂಲ. ಸಾವಿರಾರು ವರ್ಷ ಬಾಳಿದ ಪದವಿರುವಾಗ ಹೊಸದನ್ನು ಕಟ್ಟುವ ಅಗತ್ಯವೇನು ಎಂಬುದು ನನಗೆ ತಿಳಿಯುತ್ತಿಲ್ಲ.

ಇನ್ನೊಂದು ಮಾತು. 'ವೇಗಬಡಿತ', 'ಕ್ಷಿಪ್ರಬಡಿತ', 'ಶೀಘ್ರಬಡಿತ' ಮುಂತಾದ ಸಲಹೆಗಳು ಬರುವ ಮೊದಲೇ ಹೇಳಿಬಿಡುತ್ತೇನೆ: ಅವೆಲ್ಲ ಅರಿಸಮಾಸಗಳು. ಸಂಸ್ಕೃತವನ್ನೂ ಕನ್ನಡವನ್ನೂ ಹೀಗೆ ಬೆಸೆಯಬಾರದೆಂದು ವ್ಯಾಕರಣಕಾರ ಕೇಶಿರಾಜನು 13ನೆಯ ಶತಮಾನದಲ್ಲಿಯೇ ಎಚ್ಚರಿಸಿದ್ದಾನೆ. ಬಿರುದಾವಳಿಗಳಿಗೆ ಮತ್ತು ರೂಢಿಯಲ್ಲಿ ನೆಲೆಗೊಂಡ ಪದಗಳಿಗೆ ಇರುವ ವಿನಾಯಿತಿ ನಾವು ಇಂದು ಹುಟ್ಟಿಸುವ ಪದಗಳಿಗೆ ಸಲ್ಲುವುದಿಲ್ಲ.

ಉತ್ತರ 3

ಈ ತೊಂದರೆಯನ್ನು ಬಹುಕಾಲದಿಂದ ಮೈಯಲ್ಲಿ ಇಟ್ಟುಕೊಂಡು ಬದುಕುತ್ತಿರುವವನು ನಾನು. ಆದ್ದರಿಂದ ಪದದ ರೂಪ ಹೇಗಿರಬೇಕು ಎಂಬುದಕ್ಕಿಂತ ಅದು ಏನನ್ನು ಹೇಳಬೇಕು, ಏನನ್ನು ಹೇಳಬಾರದು ಎಂಬುದರ ಕಡೆಗೆ ನನ್ನ ಗಮನ ಹೋಗುತ್ತದೆ.

ಮೊದಲು 'ಬಿರು'ವಿನ ವಿಷಯ. ಬಡಿತ 180ಕ್ಕೆ ಏರಿದಾಗ ಹೃದಯದ ಕೋಣೆಗಳಿಗೆ ರಕ್ತ ತುಂಬಿಕೊಳ್ಳಲು ಸಮಯ ಸಾಲುವುದಿಲ್ಲ. ಹೀಗಾಗಿ ಒಂದೊಂದು ಬಡಿತವೂ ಹೊರಕ್ಕೆ ದೂಡುವ ರಕ್ತ ಕಡಿಮೆಯಾಗುತ್ತದೆ, ರಕ್ತದೊತ್ತಡ ಇಳಿಯುತ್ತದೆ, ತಲೆ ಹಗುರಾಗುತ್ತದೆ, ಮಣಿಕಟ್ಟಿನಲ್ಲಿ ನಾಡಿ ಎಣಿಸಲಾರದಷ್ಟು ತೆಳ್ಳಗಾಗುತ್ತದೆ. ಕತ್ತಿನಲ್ಲಿ ಮಾತ್ರ ಪಟಪಟನೆ ಹಾರುವುದು ಕಾಣಿಸುತ್ತದೆ. ಬಿರುಗಾಳಿಗೆ ಇರುವ ಬಲ ಈ ಬಡಿತಕ್ಕೆ ಇಲ್ಲ. ಪದ ಚೆನ್ನಾಗಿ ಕೇಳಿಸುತ್ತದೆ ಎಂಬುದನ್ನು ಒಪ್ಪುತ್ತೇನೆ, ಆದರೆ ಅದು ಹೇಳುವ ಸಂಗತಿ ದೇಹದಲ್ಲಿ ನಡೆಯುವುದಕ್ಕೆ ವಿರುದ್ಧವಾಗಿದೆ. 'ಹೃದ್ದ್ರವ'ವನ್ನು ಇಂದಿನ ಓದುಗನ ಮುಂದೆ ಇಟ್ಟರೆ ಅವನು ಹೃದಯದಲ್ಲಿ ನೀರು ತುಂಬಿಕೊಂಡಿದೆ ಎಂದು ತಿಳಿಯುತ್ತಾನೆ. ಧಾತು ಯಾವುದಾದರೂ ಇರಲಿ, ಕನ್ನಡದಲ್ಲಿ ದ್ರವವೆಂದರೆ ದ್ರವವೇ.

ಇದಕ್ಕಿಂತ ದೊಡ್ಡ ತೊಡಕು 'ಎದೆ'ಯದು, ಮತ್ತು ಅದರ ಬಗ್ಗೆ ಇಲ್ಲಿ ಯಾರೂ ಮಾತನಾಡಿಲ್ಲ. ಕನ್ನಡದಲ್ಲಿ ಎದೆ ಎಂದರೆ ದೇಹದ ಒಂದು ಭಾಗವೂ ಹೌದು, ಧೈರ್ಯವೂ ಹೌದು. ಎದೆಗುಂದುವುದು, ಎದೆಗೆಡುವುದು, ಎದೆ ನಡುಗುವುದು, ಎದೆ ಝಲ್ಲೆನ್ನುವುದು ಎಲ್ಲವೂ ಹೆದರಿಕೆಯ ಮಾತುಗಳು. ಎದೆಗಾರ ಎಂದರೆ ಹೆದರದವನು. 'ಎದೆ ಹೊಡೆದುಕೊಳ್ಳುತ್ತಿದೆ' ಎಂದು ನಾನು ಹೇಳಿದಾಗಲೆಲ್ಲ ಮನೆಯವರೂ ವೈದ್ಯರೊಬ್ಬರೂ ಕೇಳಿದ್ದು ಒಂದೇ ಪ್ರಶ್ನೆ: ಯಾವುದಕ್ಕೆ ಇಷ್ಟು ಹೆದರಿದ್ದೀರಿ? ಎಸ್‌ವಿಟಿ ಇರುವ ಎಷ್ಟೋ ಜನರಿಗೆ, ಅದರಲ್ಲೂ ಹೆಂಗಸರಿಗೆ, ಮೊದಲು ಆತಂಕದ ಕಾಯಿಲೆಯ ಹಣೆಪಟ್ಟಿ ಬೀಳುತ್ತದೆ. ಆಸ್ಪತ್ರೆ ತಲುಪುವಷ್ಟರಲ್ಲಿ ಬಡಿತ ಸಹಜಕ್ಕೆ ಮರಳಿರುತ್ತದೆ, ಇಸಿಜಿಯಲ್ಲಿ ಏನೂ ಕಾಣುವುದಿಲ್ಲ, ಬಡಿತವನ್ನು ಸತತವಾಗಿ ದಾಖಲಿಸುವ ಹೋಲ್ಟರ್ ಯಂತ್ರವನ್ನು 24 ಗಂಟೆ ಕಟ್ಟಿಕೊಂಡರೂ ಆ ದಿನವೇ ಅದು ಬಾರದೆ ಹೋಗುತ್ತದೆ. ಹೆದರಿಕೆಯಿಂದ ಬಡಿತ ಏರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಹಾಗೆ ಏರುವಾಗ ಅದು ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ನಮ್ಮದು ಮೊದಲು ಏರುತ್ತದೆ, ಹೆದರಿಕೆ ಅದರ ಹಿಂದೆ ಬರುತ್ತದೆ. ರೋಗದ ಹೆಸರೇ ಈ ಹಿಂದುಮುಂದನ್ನು ತಿರುಗಿಸಿಬಿಟ್ಟರೆ ಕೈಪಿಡಿಯ ಒಳಗೆ ಎಷ್ಟು ಬರೆದರೂ ಪ್ರಯೋಜನವಿಲ್ಲ. ಆದ್ದರಿಂದ ರೋಗಿಯ ಅನುಭವವನ್ನು ಹೇಳುವ ಪುಟದಲ್ಲಿ ಎದೆ ಹೊಡೆದುಕೊಳ್ಳಲಿ, ಢವಢವ ಎನ್ನಲಿ. ಶೀರ್ಷಿಕೆಯಲ್ಲಿ ಮತ್ತು ಚೀಟಿಯಲ್ಲಿ ಎದೆ ಬರಬಾರದು.

ಕ್ರಿಯಾಪದದ ಬಗ್ಗೆಯೂ ಎಚ್ಚರ ವಹಿಸಬೇಕು. ಬಡಿತ ಸಹಜಕ್ಕೆ ಬಂದಾಗ ನಾವು ಮಾತಿನಲ್ಲಿ 'ನಿಂತಿತು' ಎನ್ನುತ್ತೇವೆ. ಅದನ್ನೇ 'ಬಡಿತ ನಿಲ್ಲುತ್ತದೆ' ಎಂದು ಅಚ್ಚು ಮಾಡಿದರೆ ಓದುವವರ ಪ್ರಾಣವೇ ಹಾರಿಹೋಗುತ್ತದೆ. ಜ್ವರ ಬರುತ್ತದೆ, ಜ್ವರ ಬಿಡುತ್ತದೆ ಎನ್ನುವಂತೆ 'ಬಡಿತ ಏರುತ್ತದೆ, ಇಳಿಯುತ್ತದೆ' ಎಂದರೆ ಸಾಕು. ಅಟ್ಯಾಕಿಗೆ ಬೇರೆ ನಾಮಪದವೇ ಬೇಕಾಗಿಲ್ಲ. 'ಬಡಿತ ಏರಿದಾಗಲೆಲ್ಲ', 'ಹಿಂದಿನ ಸಲ ಏರಿದಾಗ' ಎಂದು ಕನ್ನಡ ತಾನಾಗಿ ಹೇಳುತ್ತದೆ. ಇದನ್ನೇ ಹಿಡಿದು ಒಂದು ಪದ ಕಟ್ಟುವುದಾದರೆ ನನ್ನ ಸಲಹೆ 'ಏರುಬಡಿತ'. ಏರುದನಿ ಎಂಬ ಪದ ಎಲ್ಲರ ಬಾಯಲ್ಲಿ ಇದೆ. ಅರಿಸಮಾಸದ ದೋಷವೂ ಇದಕ್ಕೆ ತಗಲುವುದಿಲ್ಲ.

ಉತ್ತರ 4 (ಉತ್ತರ 1ನ್ನು ಬರೆದವರಿಂದ)

ಬಿರುಸಾಗಿ ನಡೆ ಎಂದರೆ ಬೇಗ ನಡೆ ಎಂದೇ ಅರ್ಥ. ಒಪ್ಪದವರು ಜನರ ಮಾತನ್ನು ಕೇಳಿಲ್ಲ. 'ಏರುಬಡಿತ' ಕೂಡ ಕನ್ನಡವೇ ಆದ್ದರಿಂದ ಅದಕ್ಕೆ ನನ್ನ ತಕರಾರಿಲ್ಲ. ಆದರೆ ಚೀಟಿಯ ಮೇಲೆ ಎಸ್‌ವಿಟಿ ಎಂದು ಬರೆಯುವ ಯೋಚನೆಯಿದ್ದರೆ ಅದನ್ನು ಕೈಬಿಡಿ. ಸಕ್ಕರೆ ಕಾಯಿಲೆ ಶುಗರ್ ಆಯಿತು, ರಕ್ತದೊತ್ತಡ ಬಿಪಿ ಆಯಿತು. ನಮ್ಮ ಮೈಯ ನೋವನ್ನು ಹೇಳುವುದಕ್ಕೂ ಸಾಲದ ಮಾತು ಬೇಕೆನ್ನುವವರು ನಾಳೆ ಕನ್ನಡದಲ್ಲಿ ವೈದ್ಯಶಾಸ್ತ್ರವನ್ನು ಹೇಗೆ ಬರೆಯುತ್ತಾರೆ?

ಉತ್ತರ 5

ವೈದ್ಯಕೀಯ ಬರಹಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ನಾನೂ ಇದ್ದೇನೆ. ಉತ್ತರ 4ರ ಕಾಳಜಿ ನನಗೆ ಅರ್ಥವಾಗುತ್ತದೆ, ಅದರ ತೀರ್ಮಾನ ಮಾತ್ರ ಅಪಾಯಕಾರಿ.

ಚೀಟಿಯನ್ನು ಓದುವವರು ಇಬ್ಬರು. ಪಕ್ಕದಲ್ಲಿರುವ ಅಪರಿಚಿತರು ಒಬ್ಬರು, ತುರ್ತು ಚಿಕಿತ್ಸೆಯ ಕೋಣೆಯಲ್ಲಿರುವ ವೈದ್ಯರು ಇನ್ನೊಬ್ಬರು. ವೇಗದ ಬಡಿತಗಳೆಲ್ಲ ಒಂದೇ ಅಲ್ಲ. ಹೃದಯದ ಕೆಳಗಿನ ಕೋಣೆಗಳಲ್ಲಿ ಹುಟ್ಟುವ ವಿಟಿ ಪ್ರಾಣಕ್ಕೆ ಎರವಾಗಬಹುದು. ಮೇಲಿನ ಕೋಣೆಗಳು ತಾಳ ತಪ್ಪಿ ಕಂಪಿಸುವ ಏಟ್ರಿಯಲ್ ಫಿಬ್ರಿಲೇಶನ್ನಿನಲ್ಲಿ ಪಾರ್ಶ್ವವಾಯುವಿನ ಭಯವಿದೆ. ಎಸ್‌ವಿಟಿ ಸಾಮಾನ್ಯವಾಗಿ ಪ್ರಾಣಾಪಾಯದ್ದಲ್ಲದಿದ್ದರೂ ಬದುಕನ್ನು ಹಿಂಡುತ್ತದೆ. ಹುಟ್ಟಿನಿಂದಲೇ ಹೃದಯದಲ್ಲಿ ಒಂದು ಹೆಚ್ಚುವರಿ ವಿದ್ಯುತ್ ದಾರಿ ಇರುವವರ ಸ್ಥಿತಿಯನ್ನು ವುಲ್ಫ್, ಪಾರ್ಕಿನ್‌ಸನ್, ವೈಟ್ ಎಂಬ ಮೂವರು 1930ರಲ್ಲಿ ವಿವರಿಸಿದರು. ಇಂದಿಗೂ ಅದಕ್ಕೆ ಅವರದೇ ಹೆಸರು. ಅಂಥ ರೋಗಿಗೆ ಏಟ್ರಿಯಲ್ ಫಿಬ್ರಿಲೇಶನ್ ಬಂದಾಗ, ಉಳಿದವರಿಗೆ ಒಗ್ಗುವ ಕೆಲವು ಔಷಧಿಗಳೇ ಅಪಾಯ ತರಬಹುದು. ಇಷ್ಟೆಲ್ಲವನ್ನೂ ಬೇರೆ ಬೇರೆಯಾಗಿ ಹೇಳುವ ಕೆಲಸವನ್ನು 'ಬಿರುಬಡಿತ' ಮಾಡಲಾರದು, 'ಏರುಬಡಿತ'ವೂ ಮಾಡಲಾರದು. ವೈದ್ಯರಿಗಾಗಿ ಎಸ್‌ವಿಟಿ ಇರಲೇಬೇಕು. ಪರಭಾಷೆಯ ಪದವೊಂದು ರೋಗಿಗೆ ಸರಿಯಾದ ಚಿಕಿತ್ಸೆಯನ್ನು ಬೇಗ ತಂದುಕೊಡುವುದಾದರೆ ಅದನ್ನು ಕನ್ನಡ ಲಿಪಿಯಲ್ಲಿ ಬರೆಯುವುದರಿಂದ ಕನ್ನಡಕ್ಕೆ ಕೊರತೆಯಾಗದು.

'ಏರುಬಡಿತ' ನನಗೆ ಹಿಡಿಸಿತು. ಆದರೆ ಥೈರಾಯ್ಡ್ ಹೆಚ್ಚಾದಾಗ, ರಕ್ತಹೀನತೆಯಲ್ಲಿ, ದೇಹದ ನೀರು ಬತ್ತಿದಾಗಲೂ ಬಡಿತ ಏರುತ್ತದೆ. ಹಾಗಾಗಿ ಅದರ ಮೊದಲಿಗೆ 'ದಿಢೀರ್' ಸೇರಿಸಿ. ಫ್ರಾನ್ಸಿನ ವೈದ್ಯ ಬುವ್ರೇ 1889ರಲ್ಲಿ ಇದನ್ನು ವರ್ಣಿಸಿದಾಗ ಹೆಸರಿನಲ್ಲಿಯೇ ಸೇರಿಸಿದ ಗುಣ ಅದೇ: ಹಠಾತ್ತಾಗಿ ಬರುವುದು.

ಬಡಿತ ಇಳಿಸುವ ವಲ್ಸಾಲ್ವಾ ಕ್ರಮಕ್ಕೆ ನೀವು ಏನು ಬರೆದಿದ್ದೀರೋ ತಿಳಿಯದು. 'ಶ್ವಾಸಬಂಧ' ಎಂದಿದ್ದರೆ ತೆಗೆದುಹಾಕಿ. ಅದು ಉಸಿರು ಹಿಡಿಯುವುದಲ್ಲ, ತಿಣುಕುವುದು. ಅರೆಕುಳಿತು 15 ಸೆಕೆಂಡು ತಿಣುಕಿ, ಕೂಡಲೇ ಅಂಗಾತ ಮಲಗಿಸಿ ಇನ್ನೊಬ್ಬರು ಕಾಲುಗಳನ್ನು 15 ಸೆಕೆಂಡು ಎತ್ತಿ ಹಿಡಿದರೆ, ಬರೀ ತಿಣುಕಿದಾಗ 100ರಲ್ಲಿ 17 ಜನರಿಗೆ ಸಿಗುತ್ತಿದ್ದ ಫಲ 43 ಜನರಿಗೆ ಸಿಕ್ಕಿತೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ತಮಗೆ ಇದು ಸುರಕ್ಷಿತವೇ ಎಂದು ವೈದ್ಯರಿಂದ ಮೊದಲೇ ತಿಳಿದುಕೊಳ್ಳಬೇಕೆಂಬ ಸಾಲನ್ನು ಬಿಡಬೇಡಿ. ಬಡಿತ ಇಳಿಸಲು ಆಸ್ಪತ್ರೆಯಲ್ಲಿ ಅಡಿನೊಸಿನ್ ಎಂಬ ಔಷಧಿ ಕೊಟ್ಟಾಗ ಕೆಲವು ಸೆಕೆಂಡು ಜೀವವೇ ಹೋದಂತೆ ಅನಿಸುವುದನ್ನೂ ಮೊದಲೇ ಬರೆಯಿರಿ. ಹೇಳಿಸಿಕೊಂಡವರು ಅದನ್ನು ಸಹಿಸುತ್ತಾರೆ, ಹೇಳಿಸಿಕೊಳ್ಳದವರು ಮುಂದಿನ ಸಲ ಆಸ್ಪತ್ರೆಗೇ ಬರಲು ಒಪ್ಪುವುದಿಲ್ಲ. ಅಬ್ಲೇಶನ್ ಎಂಬುದನ್ನು 'ಹೃದಯವನ್ನು ಸುಡುವುದು' ಎಂದು ದಯವಿಟ್ಟು ಬರೆಯಬೇಡಿ. ಹೆಚ್ಚುವರಿ ವಿದ್ಯುತ್ ದಾರಿಯನ್ನು ಬಿಸಿಯಿಂದ ಮುಚ್ಚುವುದು ಎಂದರೆ ಸಾಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕೈಪಿಡಿಯ ಶೀರ್ಷಿಕೆ 'ದಿಢೀರ್ ಏರುಬಡಿತ', ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಎಸ್‌ವಿಟಿ ಇರುವವರಿಗೆ ಮತ್ತು ಅವರ ಮನೆಯವರಿಗೆ' ಎಂದು ಇಡುತ್ತಿದ್ದೇನೆ. 'ಬಡಿತ ನಿಲ್ಲುತ್ತದೆ' ಎಂಬ ಮಾತು ಒಳಗೆ ಹಲವು ಕಡೆ ಇತ್ತು. ಎಲ್ಲವನ್ನೂ 'ಇಳಿಯುತ್ತದೆ' ಎಂದು ತಿದ್ದಿದೆ. ಚೀಟಿಯ ಬರಹ ಹೀಗಿದೆ:

"ನನಗೆ ದಿಢೀರ್ ಏರುಬಡಿತ (ಎಸ್‌ವಿಟಿ) ಇದೆ. ಹೃದಯದ ಬಡಿತ ಈಗ ಏರಿದೆ. ಇದು ಹೆದರಿಕೆಯಿಂದ ಆದದ್ದಲ್ಲ. ನನ್ನನ್ನು ಕೂರಿಸಿ ಅಥವಾ ಮಲಗಿಸಿ. ಬಡಿತ ಬೇಗ ಇಳಿಯದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ ಅಥವಾ ಉಸಿರಾಡಲು ಕಷ್ಟವಾದರೆ ಸ್ವಲ್ಪವೂ ಕಾಯಬೇಡಿ. ವೈದ್ಯರಲ್ಲಿ ವಿನಂತಿ: ಬಡಿತ ಏರಿರುವಾಗಲೇ ಇಸಿಜಿ ತೆಗೆಯಿರಿ."

ಉತ್ತರ 6 (ಉತ್ತರ 2ನ್ನು ಬರೆದವರಿಂದ)

ಚೀಟಿಯ ಬರಹ ಸ್ಪಷ್ಟವಾಗಿದೆ. ಆದರೆ 'ಏರುಬಡಿತ' ಎಂಬುದು ಸುಡುಗಾಡು, ಸಿಡಿಮದ್ದುಗಳಂತೆ ಗಮಕಸಮಾಸ. ಉತ್ತರಪದದ ಬಕಾರಕ್ಕೆ ವಕಾರಾದೇಶವಾಗಬೇಕು, ಅಂದರೆ 'ಬ' ಹೋಗಿ 'ವ' ಬರಬೇಕು. ನೆಲೆವೀಡು (ನೆಲೆ + ಬೀಡು) ಎಂಬಲ್ಲಿ ಆಗಿರುವುದನ್ನು ನೋಡಿ. ಶುದ್ಧ ರೂಪ 'ಏರುವಡಿತ'.

ಪ್ರಶ್ನೆ ಕೇಳಿದವರಿಂದ

ಗೌರವಪೂರ್ವಕವಾಗಿ ಒಪ್ಪಲಾರೆ. 'ಏರುವಡಿತ' ಎಂಬುದನ್ನು ಓದುವವರು 'ಏರುವ' ಎಂದು ಬಿಡಿಸಿಕೊಂಡು 'ಡಿತ' ಎಂದರೇನೆಂದು ಹುಡುಕುತ್ತಾ ನಿಲ್ಲುತ್ತಾರೆ, ಮತ್ತು ಚೀಟಿಯನ್ನು ಕೈಯಲ್ಲಿ ಹಿಡಿದವರಿಗೆ ಹಾಗೆ ನಿಲ್ಲಲು ಸಮಯವಿರುವುದಿಲ್ಲ. ಬಿರುಬಿಸಿಲಿನಲ್ಲಿ ಬಕಾರ ಹಾಗೆಯೇ ಉಳಿದಿದೆ, ಇಲ್ಲಿಯೂ ಉಳಿಯಲಿ. ಕರಡನ್ನು ಈಗಷ್ಟೇ ಅಚ್ಚಿಗೆ ಕಳುಹಿಸಿದೆ.