ಹಾಲ್‌ಮಾರ್ಕ್‌ಗೆ ಕನ್ನಡ ಪದ? (ಹಳೆ ಬೆಳ್ಳಿ ಪಾತ್ರೆ, ಫಲಕಕ್ಕೆ, ತುರ್ತು)

ಬೆಳಗಾವಿಯಿಂದ:
ಹಳೆ ಬೆಳ್ಳಿ ಪಾತ್ರೆಗಳ ಪ್ರದರ್ಶನಕ್ಕೆ ಫಲಕ ಬರೀಬೇಕು, ನಾಳೆ ಮುಂಜಾನೆ ಪ್ರಿಂಟಿಗೆ ಹೋಗ್ತದ. ಚಹಾ ಕಿಟ್ಲಿ ತಳದಾಗ ಐದು ಗುರುತು ಅದಾವ: ನಡೆಯೋ ಸಿಂಹ, ಲಂಗರು, ರಾಣಿ ತಲೆ, ಒಂಟಿ ಅಕ್ಷರ, ಬ್ಯಾರೆ ಚೌಕಟ್ಟಿನಾಗ ಎರಡಕ್ಷರ. ಇವಕ್ಕೆಲ್ಲಾ ಕೂಡಿಸಿ ಏನನ್ನೋದು? ಜೋಡಿ ಚಮಚಗಳ ಮ್ಯಾಲೆ ಇ.ಪಿ.ಎನ್.ಎಸ್. ಅಂತದ. ಅದಕ್ಕೂ ಇದೇ ಪದ ನಡೀತದೇನ್ರಿ?

ಬಾಗಲಕೋಟೆಯಿಂದ:
ಒರೆಗುರುತು. ಒರೆ ಹಚ್ಚಿ ನೋಡಿ ಒತ್ತಿದ ಗುರುತು. ಅಚ್ಚಗನ್ನಡ, ಚರ್ಚೆ ಬೇಕಿಲ್ಲ. ಮುದ್ರೆ ಸಂಸ್ಕೃತ, ಮೊಹರು ಪಾರಸಿ.

ವಿಜಯಪುರದಿಂದ:
ಚರ್ಚೆ ಬೇಕು. ಇಂಗ್ಲೆಂಡಿನ ಪರೀಕ್ಷಾ ಕಚೇರಿಗಳು ಬಹುಕಾಲ ನಂಬಿದ್ದು ಒರೆಗಲ್ಲನ್ನಲ್ಲ. ಪಾತ್ರೆಯಿಂದ ಚೂರು ಕೆರೆದು, ಸೀಸ ಕೂಡಿಸಿ ಪುಟಕ್ಕಿಟ್ಟು, ಉಳಿದ ಬೆಳ್ಳಿಯನ್ನು ತೂಗುತ್ತಿದ್ದರು. ಒರೆ ಹೇಳುವುದು ಮೇಲ್ಮೈಯ ಸಂಗತಿ. ಲೇಪದ ಚಮಚವನ್ನೂ ಅದು ಬೆಳ್ಳಿ ಎಂದೀತು.

ಇನ್ನು ಗುರುತುಗಳು. ಸಿಂಹ ಎಂದರೆ 92.5 ಪ್ರತಿಶತ ಬೆಳ್ಳಿ. ಲಂಗರು ಬರ್ಮಿಂಗ್‌ಹ್ಯಾಮ್ ಕಚೇರಿಯದು, 1773ರಿಂದ. ರಾಣಿ ತಲೆ ಸುಂಕ ಕಟ್ಟಿದ್ದಕ್ಕೆ. ಆ ಪದ್ಧತಿ 1784ರಿಂದ 1890ರವರೆಗೆ ಇತ್ತು. ತಲೆ ವಿಕ್ಟೋರಿಯಾದಾದರೆ ಕಿಟ್ಲಿ 1837ಕ್ಕಿಂತ ಹಿಂದಿನದಲ್ಲ, 1890ರ ಈಚಿನದೂ ಅಲ್ಲ. ಎರಡಕ್ಷರ ತಯಾರಕನ ಹೆಸರಿನವು. ಸುಂಕದ ಗುರುತಿಗೆ, ತಯಾರಕನ ಗುರುತಿಗೆ ಒರೆಯ ಸಂಬಂಧವೇನು? ‘ಶುದ್ಧತಾ ಮುದ್ರೆ’ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಅದೂ ಇದೇ ಕಾರಣಕ್ಕೆ ಬಿದ್ದುಹೋಗುತ್ತದೆ.

ಒಂಟಿ ಅಕ್ಷರ ವರ್ಷದ್ದು. ಅವಸರ ಮಾಡುವವರು ಎಡವುವುದು ಇಲ್ಲೇ. ವರ್ಷಕ್ಕೊಂದರಂತೆ ಅಕ್ಷರಗಳ ಸುತ್ತು ಮುಗಿದ ಮೇಲೆ ಅದೇ ಅಕ್ಷರ ಮತ್ತೆ ಬರುತ್ತದೆ, ಲಿಪಿಯ ಶೈಲಿ, ಚೌಕಟ್ಟಿನ ಆಕಾರ ಮಾತ್ರ ಬೇರೆ. ಊರೂರಿಗೂ ಸುತ್ತು ಬೇರೆ, ಹಾಗಾಗಿ ಲಂಡನ್ನಿನ ಪಟ್ಟಿಯಲ್ಲಿ ಬರ್ಮಿಂಗ್‌ಹ್ಯಾಮ್ ಅಕ್ಷರ ಹುಡುಕಬೇಡಿ. ಆಗ ಅಕ್ಷರ ಬದಲಾಗುತ್ತಿದ್ದದ್ದು ವರ್ಷದ ನಡುವೆ. ಫಲಕದಲ್ಲಿ ‘1875’ ಎಂದು ಹಾಕದೆ ‘1875–76’ ಎಂಬಂತೆ ಹಾಕಿ. ಮುಚ್ಚಳದ ಒಳಗೂ ನೋಡಿ, ಅಲ್ಲಿನ ಅಕ್ಷರ ಬೇರೆಯಾದರೆ ಮುಚ್ಚಳ ಬದಲಾಗಿರಬಹುದು.

ಬಾಗಲಕೋಟೆಯಿಂದ:
ಹಾಗಾದರೆ ಪುಟಗುರುತು ಎನ್ನಿ.

ವಿಜಯಪುರದಿಂದ:
ಜನ ಪುಸ್ತಕದೊಳಗೆ ಇಡುವ ಚೀಟಿ ಎಂದುಕೊಳ್ಳುತ್ತಾರೆ.

ಶಹಾಪುರದಿಂದ:
ಇಲ್ಲಿ ಸರಾಫರು, ಪತ್ತಾರರು, ಗಿರಾಕಿಗಳು ಎಲ್ಲಾರೂ ಹಾಲ್‌ಮಾರ್ಕ್ ಅಂತಾರ. ಹಾಲ್ ಅಂದ್ರ ಲಂಡನ್ನಿನ ಅಕ್ಕಸಾಲಿಗರ ಭವನ. ಮನಿ ಹೆಸರಿನ ಮೇಲೆ ಬಂದ ಪದ, ಅದನ್ನ ಏನಂತ ಅನುವಾದ ಮಾಡ್ತೀರಿ? ಹಂಗ ಇರಲಿ.

ಇ.ಪಿ.ಎನ್.ಎಸ್.ಗೆ ಮಾತ್ರ ಆ ಪದ ಬ್ಯಾಡ. ಅದು ಜರ್ಮನ್ ಸಿಲ್ವರ್ ಮ್ಯಾಲೆ ವಿದ್ಯುತ್ತಿನಿಂದ ಬೆಳ್ಳಿ ಏರಿಸಿದ್ದು. ಒಳಗಿರೋದು ತಾಮ್ರ, ನಿಕ್ಕಲ್, ಸತುವು. ಎಲ್ಕಿಂಗ್ಟನ್ ಕಂಪನಿ ಈ ವಿದ್ಯುತ್ ಲೇಪಕ್ಕ ಪೇಟೆಂಟ್ ತಗೊಂಡಿದ್ದು 1840ರಾಗ, ಅದಕ್ಕೂ ಹಳೇದು ಅಂತ ಬರೀಬ್ಯಾಡ್ರಿ. ನಾಕೂ ಅಕ್ಷರ ಬಿಡಿ ಬಿಡಿ ಚೌಕಟ್ಟಿನಾಗ ಹೊಡೆದು ಹಾಲ್‌ಮಾರ್ಕಿನ ಹಂಗ ಕಾಣಿಸ್ತಾರ, ಅದಕ್ಕ ಮಂದಿ ಮೋಸ ಹೋಗ್ತಾರ. ಅಂಚು ಸವೆದಲ್ಲಿ ಬಣ್ಣ ಬದಲಾಗಿದ್ರ ಲೇಪ ಅಂತ ತಿಳೀರಿ. ‘ಬೆಳ್ಳಿ ಮುಲಾಮು’ ಅಂತ ಬರೀರಿ.

ಬಾಗಲಕೋಟೆಯಿಂದ:
ಮುಲಾಮು ಮೊಣಕಾಲಿಗೆ ಹಚ್ಚುವುದು. ‘ಬೆಳ್ಳಿ ನೀರು ಕೊಟ್ಟದ್ದು’ ಎಂದರೆ ಯಾರಿಗೆ ತಿಳಿಯದು? ಎರವಲಿಗೆ ಬಾಗಿಲು ತೆಗೆದಿಟ್ಟು ಕನ್ನಡ ಬಡವಾಯಿತೆಂದು ಅಳುವುದೊಂದು ಚಟ.

ಶಹಾಪುರದಿಂದ:
ಚಮಚಾನೂ ಎರವಲೇ. ಅದನ್ನೂ ಫಲಕದಿಂದ ತೆಗಸ್ರಿ.

ವಿಜಯಪುರದಿಂದ:
ಜಗಳದ ನಡುವೆ ಒಂದು ಮಾತು: ಗುರುತು ಕಾಣಲೆಂದು ವಿಭೂತಿ, ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ವಿಭೂತಿ ಅಂಚು ಸವೆಸುತ್ತದೆ, ಅಕ್ಷರದ ಶೈಲಿ ಹೋದರೆ ವರ್ಷವೂ ಹೋಯಿತು. ಬಾಯಿಂದ ಹಬೆ ಊದಿ, ಓರೆ ಬೆಳಕಿನಲ್ಲಿ, ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ನೋಡಿ.

ಬೆಳಗಾವಿಯಿಂದ:
ಕಿಟ್ಲಿಗೆ ‘ಹಾಲ್‌ಮಾರ್ಕ್ ಮುದ್ರೆಗಳು’, ಚಮಚಕ್ಕ ‘ಬೆಳ್ಳಿ ನೀರು ಕೊಟ್ಟದ್ದು’. ಪ್ರಿಂಟಿಗೆ ಕಳಿಸೀನಿ.

ಬಾಗಲಕೋಟೆಯಿಂದ:
ಹಾಲ್‌ಮಾರ್ಕ್ ಮುದ್ರೆ! ನಡುಸೆಂಟರ್ ಅಂದಂತಾಯಿತು.