ಗಾರ್ಮೆಂಟ್ಸ್ ಕಾರ್ಮಿಕರ ಮಕ್ಕಳಿಗಾಗಿ ಬೇಸಿಗೆ ಶಿಬಿರ: ಪಾಠವನ್ನೂ ಕೈಕೆಲಸವನ್ನೂ ಒಟ್ಟಿಗೆ ಕಲಿಸುವುದು ಹೇಗೆ?

ಪ್ರಶ್ನೆ: ಲಗ್ಗೆರೆ ನಿವಾಸಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಲಗ್ಗೆರೆ ಮತ್ತು ರಾಜಗೋಪಾಲನಗರದ ಸುತ್ತಮುತ್ತ ವಾಸಿಸುವ ನಾವು ಎಂಟು ಮಂದಿ ಸೇರಿ, ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಏಪ್ರಿಲ್ ಮಧ್ಯದಿಂದ ನಾಲ್ಕು ವಾರಗಳ ಉಚಿತ ಬೇಸಿಗೆ ಶಿಬಿರವನ್ನು ನಡೆಸಬೇಕೆಂದಿದ್ದೇವೆ. ಏಳರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳು ಬರಬಹುದು. ಅವರಲ್ಲಿ ಹೆಚ್ಚಿನವರ ತಾಯಂದಿರು ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆಗೆ ಹೋಗುತ್ತಾರೆ. ತಂದೆಯಂದಿರು ಆಟೊ ಓಡಿಸುತ್ತಾರೆ, ಇಲ್ಲವೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ನಗರದ ಇತರ ಕಡೆಗಳಲ್ಲಿ ಈಜು, ಕೀಬೋರ್ಡ್, ರೊಬಾಟಿಕ್ಸ್ ಎಂದು ಸಾವಿರಾರು ರೂಪಾಯಿ ಶುಲ್ಕದ ಶಿಬಿರಗಳು ನಡೆಯುವ ಅದೇ ತಿಂಗಳುಗಳಲ್ಲಿ ಈ ಮಕ್ಕಳು ಬಾಗಿಲು ಮುಚ್ಚಿದ ಒಂದೇ ಕೋಣೆಯ ಮನೆಯಲ್ಲಿ ಮೊಬೈಲ್ ಹಿಡಿದು ಕುಳಿತಿರುತ್ತಾರೆ.

ಕಳೆದ ವರ್ಷವೂ ನಾವು ಪ್ರಯತ್ನಿಸಿದ್ದೆವು. ಬೆಳಿಗ್ಗೆ ಗಣಿತ ಮತ್ತು ಇಂಗ್ಲಿಷ್, ಮಧ್ಯಾಹ್ನ ಚಿತ್ರಕಲೆ ಮತ್ತು ಕಾಗದದ ಕೆಲಸ ಎಂದು ವೇಳಾಪಟ್ಟಿ ಹಾಕಿಕೊಂಡಿದ್ದೆವು. ಮೊದಲ ದಿನ 38 ಮಕ್ಕಳು ಬಂದರು. ಮೂರನೆಯ ವಾರದ ಹೊತ್ತಿಗೆ ಉಳಿದವರು 11 ಮಂದಿ. ಮೊದಲು ಬಿಟ್ಟುಹೋದವರು ಹೆಣ್ಣುಮಕ್ಕಳು. ಇಬ್ಬರು ಹುಡುಗರು ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದು ನಮಗೆ ತಿಳಿದದ್ದು ಶಿಬಿರ ಮುಗಿದ ಮೇಲೆ. ಆ ನೋವು ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಒಂದೇ ಕೋಣೆಯಲ್ಲಿ ಬೇರೆ ಬೇರೆ ಮಟ್ಟದ ಮಕ್ಕಳಿಗೆ ಏನನ್ನು ಕಲಿಸಬೇಕು, ಯಾವ ಕೈಕೆಲಸ ಅವರಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ ಮತ್ತು ಅವರು ಕೊನೆಯವರೆಗೆ ಉಳಿಯುವಂತೆ ಮಾಡುವುದು ಹೇಗೆ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಗಣಿತ ಶಿಕ್ಷಕ

ನಿಮ್ಮ ವೇಳಾಪಟ್ಟಿಯನ್ನು ಓದಿದಾಗಲೇ ತೊಂದರೆ ಎಲ್ಲಿದೆ ಎಂಬುದು ನನಗೆ ಕಾಣಿಸಿತು. ಮೂವತ್ತು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಪಾಠ ಹೇಳಿದ ನಾನೂ ಬಹುಕಾಲ ಅದೇ ತಪ್ಪನ್ನು ಮಾಡಿದ್ದೇನೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ಕೈಕೆಲಸ ಎಂದು ಬೇರೆ ಮಾಡಿದ ಕೂಡಲೇ ಪಾಠವು ಶಾಲೆಯ ಮುಂದುವರಿಕೆಯಾಗುತ್ತದೆ, ಕೈಕೆಲಸವು ಹೊತ್ತು ಕಳೆಯುವ ಆಟವಾಗುತ್ತದೆ. ಶಾಲೆಯಲ್ಲಿ ಹತ್ತು ತಿಂಗಳು ಅರ್ಥವಾಗದೆ ಕುಳಿತ ಮಗುವು ರಜೆಯಲ್ಲೂ ಹಾಗೆಯೇ ಕುಳಿತುಕೊಳ್ಳಲಿ ಎಂದು ನಾವು ಬಯಸುವುದು ನ್ಯಾಯವಲ್ಲ.

ಮೊದಲಿಗೆ ತರಗತಿಯ ಲೆಕ್ಕವನ್ನು ಕೈಬಿಡಿ. ಎಂಟನೆಯ ತರಗತಿಯಲ್ಲಿದ್ದೂ ದಶಕ ತೆಗೆದುಕೊಳ್ಳುವ ವ್ಯವಕಲನವನ್ನು ಮಾಡಲಾಗದ ಮಕ್ಕಳನ್ನು ನಾನು ಪ್ರತಿ ವರ್ಷವೂ ಕಂಡಿದ್ದೇನೆ. ಅವರು ಪಕ್ಕದವರ ಪುಸ್ತಕ ನೋಡಿ ಬರೆಯುವುದರಲ್ಲಿ ಎಷ್ಟು ಪಳಗಿರುತ್ತಾರೆಂದರೆ, ಜೂನ್‌ನಲ್ಲಿ ತಿಳಿಯಬೇಕಾದ ವಿಷಯ ನಮಗೆ ಡಿಸೆಂಬರಿನಲ್ಲಿ ತಿಳಿಯುತ್ತದೆ. ಮಕ್ಕಳ ಓದು ಮತ್ತು ಲೆಕ್ಕದ ಮಟ್ಟವನ್ನು ಅಳೆಯಲು 2005ರಿಂದ ನಡೆಯುತ್ತಿರುವ 'ಅಸರ್' ಸಮೀಕ್ಷೆಯಲ್ಲಿ ಬಳಸುವ ಪರೀಕ್ಷಾ ಹಾಳೆ ಬಹಳ ಸರಳವಾಗಿದೆ: ಓದಿನಲ್ಲಿ ಅಕ್ಷರ, ಪದ, ಚಿಕ್ಕ ವಾಕ್ಯವೃಂದ, ಕಥೆ; ಲೆಕ್ಕದಲ್ಲಿ ಸಂಖ್ಯೆ ಗುರುತಿಸುವುದು, ಎರಡಂಕಿಯ ವ್ಯವಕಲನ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವುದು. ಒಂದು ಮಗುವಿಗೆ ಹತ್ತು ನಿಮಿಷ ಸಾಕು. ಕನ್ನಡದ ಓದಿನಲ್ಲಿ ಒತ್ತಕ್ಷರದ ಬಳಿ ಎಡವುವ ಮಕ್ಕಳನ್ನು ವಿಶೇಷವಾಗಿ ಗಮನಿಸಿ. ಮನೆಯಲ್ಲಿ ತೆಲುಗು, ತಮಿಳು, ಉರ್ದು ಮಾತನಾಡುವ ಮಕ್ಕಳು ನಿಮ್ಮ ಕಡೆ ಬಹಳವಿದ್ದಾರೆ. ಕಾಗುಣಿತವನ್ನು ದಾಟಿ ಬಂದು 'ಸ್ವಾತಂತ್ರ್ಯ', 'ರಾಷ್ಟ್ರ' ಎಂಬಂತಹ ಪದಗಳ ಮುಂದೆ ನಿಂತುಬಿಟ್ಟವರಿಗೆ ಸಮಾಜ ವಿಜ್ಞಾನದ ಪುಸ್ತಕವು ಗೋಡೆಯಂತೆ ಕಾಣುತ್ತದೆ. ಹೀಗೆ ನೋಡಿದ ಮೇಲೆ ಮಟ್ಟಕ್ಕೆ ತಕ್ಕಂತೆ ಮೂರು ಗುಂಪುಗಳನ್ನು ಮಾಡಿಕೊಳ್ಳಿ.

ಇನ್ನು ಲೆಕ್ಕವನ್ನು ಕೆಲಸದೊಳಗಿನಿಂದಲೇ ಹೇಗೆ ತೆಗೆಯಬಹುದು ಎಂಬುದಕ್ಕೆ ಒಂದು ಉದಾಹರಣೆಯನ್ನು ವಿವರವಾಗಿ ಕೊಡುತ್ತೇನೆ. ನಿಮ್ಮ ಸಮುದಾಯ ಭವನದಲ್ಲಿ ಸೋರುವ ಒಂದು ನಲ್ಲಿ ಖಂಡಿತ ಇರುತ್ತದೆ. ಅದರ ಕೆಳಗೆ ಒಂದು ಲೀಟರಿನ ಬಾಟಲಿಯನ್ನಿಟ್ಟು ತುಂಬಲು ಎಷ್ಟು ಹೊತ್ತಾಯಿತು ಎಂದು ಮಕ್ಕಳೇ ನೋಡಲಿ. 40 ನಿಮಿಷವಾಯಿತು ಎಂದುಕೊಳ್ಳಿ. ದಿನಕ್ಕೆ 1,440 ನಿಮಿಷಗಳು. ಅಂದರೆ 36 ಲೀಟರ್, 12 ಲೀಟರಿನ ಬಿಂದಿಗೆಯಲ್ಲಿ ಮೂರು ಬಿಂದಿಗೆ. ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತ ಮಗುವಿಗೆ ಈ ಉತ್ತರವು ಪುಸ್ತಕದ ಹಿಂದಿನ ಉತ್ತರದಂತೆ ಕಾಣುವುದಿಲ್ಲ. ಬಳಿಕ ನಲ್ಲಿಯನ್ನು ಬಿಚ್ಚಿ, ಸವೆದ ವಾಷರನ್ನು ತೆಗೆದು ಹೊಸದನ್ನು ಹಾಕಲಿ. ಭಾಗಾಕಾರ, ಗುಣಾಕಾರ, ಸ್ಪ್ಯಾನರ್ ಹಿಡಿಯುವ ರೀತಿ ಮೂರೂ ಒಂದೇ ಬೆಳಗಿನಲ್ಲಿ ಆಗುತ್ತವೆ.

ವಿದ್ಯುತ್ ಮೀಟರಿನಿಂದಲೂ ಇದೇ ಕೆಲಸ ಸಾಧ್ಯ. 60 ವ್ಯಾಟಿನ ಬಲ್ಬು ದಿನಕ್ಕೆ 5 ಗಂಟೆ ಉರಿದರೆ 30 ದಿನಕ್ಕೆ 9 ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ 1.35 ಯೂನಿಟ್. ಗೃಹಜ್ಯೋತಿಯಿಂದಾಗಿ ಮನೆಗೆ ಶೂನ್ಯ ಬಿಲ್ಲು ಬರುತ್ತಿದ್ದರೂ ಅದರಲ್ಲಿ ಬಳಸಿದ ಯೂನಿಟ್ಟುಗಳ ಲೆಕ್ಕ ಇದ್ದೇ ಇರುತ್ತದೆ. ಆ ಬಿಲ್ಲನ್ನೇ ತರಲು ಹೇಳಿ.

ಉತ್ತರ 2: ಟೂಲ್‌ರೂಮ್ ಕೆಲಸಗಾರ

ಮೇಷ್ಟರ ಮಾತಿಗೆ ನಾನೇ ಸಾಕ್ಷಿ. ನಮ್ಮ ತಂದೆ ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಹಮಾಲಿಯಾಗಿದ್ದರು. ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಹತ್ತನೆಯ ತರಗತಿಯಲ್ಲಿ ಹೇಗೋ ಉತ್ತೀರ್ಣನಾದರೂ ದಶಮಾಂಶ ಎಂದರೇನೆಂದು ನನಗೆ ನಿಜವಾಗಿ ತಿಳಿದಿರಲಿಲ್ಲ. ಅದು ತಿಳಿದದ್ದು ಬಹಳ ಸಣ್ಣ ಅಳತೆಗಳನ್ನು ತೆಗೆಯುವ ವರ್ನಿಯರ್ ಕ್ಯಾಲಿಪರನ್ನು ಕೈಗೆ ತೆಗೆದುಕೊಂಡ ದಿನ. ನಮ್ಮ ವರ್ಕ್‌ಶಾಪಿನ ಕ್ಯಾಲಿಪರಿನಲ್ಲಿ ಮುಖ್ಯ ಅಳತೆಪಟ್ಟಿಯ 49 ಮಿಲಿಮೀಟರನ್ನು ಜಾರುವ ಪಟ್ಟಿಯಲ್ಲಿ 50 ಭಾಗ ಮಾಡಿರುತ್ತಾರೆ. ಆದ್ದರಿಂದ ಎರಡೂ ಪಟ್ಟಿಗಳ ಒಂದೊಂದು ಭಾಗದ ನಡುವಿನ ವ್ಯತ್ಯಾಸ 0.02 ಮಿಲಿಮೀಟರ್. ಕಣ್ಣಿಗೆ ಕಾಣದ ಅಷ್ಟು ಸಣ್ಣ ಅಳತೆಯನ್ನು ಗೆರೆಗೆ ಗೆರೆ ಕೂಡಿಸಿ ಓದಬಹುದೆಂದು ತಿಳಿದಾಗ ಆದ ಸಂತೋಷವನ್ನು ನಾನು ಇಂದಿಗೂ ಮರೆತಿಲ್ಲ. ತಲೆಗೂದಲಿನ ದಪ್ಪ, ಐದು ರೂಪಾಯಿ ನಾಣ್ಯದ ವ್ಯಾಸ, ತಂತಿಯ ಗೇಜು, ಹೀಗೆ ಮಕ್ಕಳು ತಾವೇ ಅಳೆಯಲಿ, ಹಾಳೆಯಲ್ಲಿ ಬರೆಯಲಿ, ಒಬ್ಬರ ಅಳತೆಯನ್ನು ಇನ್ನೊಬ್ಬರು ಪರೀಕ್ಷಿಸಲಿ.

ಆದರೆ ಕೈಕೆಲಸವನ್ನು ಆರಿಸುವಾಗ ಎರಡು ಎಚ್ಚರಿಕೆಗಳಿರಲಿ. ವಿದ್ಯುತ್ ಕೆಲಸವನ್ನು 230 ವೋಲ್ಟಿನಿಂದ ಆರಂಭಿಸಲೇಬೇಡಿ. ಒಣ ಸೆಲ್ಲು, ಚಿಕ್ಕ ಬಲ್ಬು, ಸ್ವಿಚ್ಚುಗಳನ್ನು ಹಲಗೆಗೆ ಬಡಿದು, ಮೆಟ್ಟಿಲ ಮೇಲಿನಿಂದಲೂ ಕೆಳಗಿನಿಂದಲೂ ಒಂದೇ ದೀಪವನ್ನು ಹೊತ್ತಿಸುವ ಸರ್ಕ್ಯೂಟನ್ನು ಮಕ್ಕಳೇ ಯೋಚಿಸಿ ಕಟ್ಟಲಿ. ಗ್ರೈಂಡಿಂಗ್ ಮತ್ತು ವೆಲ್ಡಿಂಗ್ ಈ ವಯಸ್ಸಿಗೆ ಬೇಡ. ಎರಡನೆಯದು, ಶಿಬಿರದಲ್ಲಿ ಮಾಡಿದ ವಸ್ತುಗಳಿಗೆ ಯಾರಾದರೂ ಆರ್ಡರ್ ಕೊಡುತ್ತೇವೆಂದು ಬಂದರೆ ಒಪ್ಪಿಕೊಳ್ಳಬೇಡಿ. ಕಲಿಕೆಯು ಅಲ್ಲಿಂದಾಚೆಗೆ ದುಡಿಮೆಯಾಗುತ್ತದೆ. ಬಾಲಕಾರ್ಮಿಕ ಕಾನೂನಿನ 2016ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ನೇಮಿಸಿಕೊಳ್ಳುವಂತಿಲ್ಲ. 14ರಿಂದ 18ರವರೆಗಿನವರನ್ನು ಅಪಾಯಕಾರಿ ಕೆಲಸಗಳಿಗೆ ಸೇರಿಸುವಂತಿಲ್ಲ. ಗ್ಯಾರೇಜಿಗೆ ಹೋದ ನಿಮ್ಮ ಇಬ್ಬರು ಹುಡುಗರ ವಯಸ್ಸೆಷ್ಟು, ಅವರು ಶಾಲೆಗೆ ಮರಳಿದ್ದಾರೆಯೇ ಎಂಬುದನ್ನು ಈಗಲಾದರೂ ವಿಚಾರಿಸಿ. ಮರಳಿರದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಒಂಬತ್ತು ಮತ್ತು ಹತ್ತನೆಯ ತರಗತಿಯವರಿಗೆ ಮುಂದಿನ ದಾರಿಯನ್ನು ಕಣ್ಣಾರೆ ತೋರಿಸಿ. ರಾಜಾಜಿನಗರ ಕೈಗಾರಿಕಾ ವಸಾಹತುವಿನಲ್ಲಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ನಿಮಗೆ ಬಹಳ ದೂರವಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಅಲ್ಲಿ ಡಿಪ್ಲೊಮಾ ಇದೆ. 14 ವರ್ಷ ತುಂಬಿದವರು ಐಟಿಐ ಸೇರಬಹುದು. ಇವುಗಳ ಹೆಸರನ್ನೇ ಕೇಳಿರದ ಮಕ್ಕಳು ನಮ್ಮ ಬೀದಿಯಲ್ಲಿ ಈಗಲೂ ಇದ್ದಾರೆ. ಒಂದು ದಿನ ಗೊರಗುಂಟೆಪಾಳ್ಯದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ, ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೂ ಕರೆದೊಯ್ಯಿರಿ. ನಕ್ಷೆ ನೋಡಿ ದಾರಿ ಹುಡುಕುವುದು, ಟಿಕೆಟ್ ಪಡೆಯುವುದು ಎಲ್ಲವೂ ಮಕ್ಕಳ ಹೊಣೆಯಾಗಿರಲಿ.

ಉತ್ತರ 3: ಕಾಮಾಕ್ಷಿಪಾಳ್ಯದ ಮಹಿಳಾ ಸಂಘದ ಕಾರ್ಯಕರ್ತೆ

ಮೇಲಿನ ಇಬ್ಬರೂ ಏನನ್ನು ಕಲಿಸಬೇಕೆಂದು ಬಹಳ ಚೆನ್ನಾಗಿ ಬರೆದಿದ್ದಾರೆ. ಆದರೆ ಹೆಣ್ಣುಮಕ್ಕಳು ಮೊದಲು ಬಿಟ್ಟುಹೋದರು ಎಂಬ ಮಾತಿಗೆ ಇನ್ನೂ ಯಾರೂ ಉತ್ತರಿಸಿಲ್ಲ. ತಾಯಿ ಬೆಳಿಗ್ಗೆ ಎಂಟೂವರೆಗೆ ಕಾರ್ಖಾನೆಗೆ ಹೊರಟು ಸಂಜೆ ಆರರ ನಂತರ ಬರುವ ಮನೆಯಲ್ಲಿ ರಜೆ ಎಂದರೆ ಹಿರಿಯ ಮಗಳಿಗೆ ಅಡುಗೆ, ನೀರು ಹಿಡಿಯುವುದು, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು. ಅವಳು ಬರಬೇಕಾದರೆ ಅವಳ ತಮ್ಮನೂ ಬರಬೇಕು. ನಮ್ಮ ಶಿಬಿರದಲ್ಲಿ ಪಕ್ಕದ ಅಂಗನವಾಡಿಯ ಒಂದು ಕೋಣೆಯನ್ನು ಕೇಳಿ ಪಡೆದು, ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ ಇಬ್ಬರು ಅಜ್ಜಿಯರನ್ನು ಕೂರಿಸಿದೆವು. ಆ ವರ್ಷ ಒಬ್ಬ ಹುಡುಗಿಯೂ ನಡುವೆ ಬಿಡಲಿಲ್ಲ.

ಊಟವನ್ನು ಖರ್ಚಿನ ಪಟ್ಟಿಯ ಕೊನೆಗೆ ತಳ್ಳಬೇಡಿ. ಶಾಲೆ ಮುಚ್ಚಿದೊಡನೆ ಬಿಸಿಯೂಟವೂ ಮೊಟ್ಟೆಯೂ ನಿಲ್ಲುತ್ತವೆ. ಬೆಳೆಯುವ ವಯಸ್ಸಿನ ಮಕ್ಕಳು ಮಧ್ಯಾಹ್ನ ಹತ್ತು ರೂಪಾಯಿಯ ಕುರುಕಲು ತಿಂದು ಮಲಗುತ್ತಾರೆ. ಅನ್ನ, ಸೊಪ್ಪಿನ ಸಾರು, ಮೊಟ್ಟೆ ಅಥವಾ ಬಾಳೆಹಣ್ಣು ಇದ್ದರೆ ಸಾಕು. ಅಡುಗೆಯ ಸರದಿಯಲ್ಲಿ ಹುಡುಗರೂ ಇರಲಿ. ಒಬ್ಬರಿಗೆ ಇಷ್ಟು ಅಕ್ಕಿಯಾದರೆ ನಲವತ್ತು ಮಂದಿಗೆ ಎಷ್ಟು ಎಂಬ ಲೆಕ್ಕವೂ ಅಲ್ಲಿಯೇ ಸಿಗುತ್ತದೆ. ಹಾಗೆಯೇ ನಲ್ಲಿ ಮತ್ತು ಸ್ವಿಚ್ಚಿನ ಕೆಲಸ ಹುಡುಗರಿಗೆ, ಹೊಲಿಗೆ ಮತ್ತು ಮೆಹಂದಿ ಹುಡುಗಿಯರಿಗೆ ಎಂದು ಹಂಚಬೇಡಿ. ತಾಯಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕುಳಿತು ಬೆನ್ನುನೋವಿನಿಂದ ಮರಳುವುದನ್ನು ನೋಡುವ ಮಗಳು ಶಿಬಿರಕ್ಕೆ ಬರುವುದು ಬೇರೊಂದನ್ನು ಕಲಿಯಲೆಂದು.

ಶಿಕ್ಷಕರ ಒಂದು ಸಲಹೆಯ ಬಗ್ಗೆ ಗೌರವದಿಂದಲೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ಮೊದಲ ದಿನವೇ ಪರೀಕ್ಷೆ ಬೇಡ. ಓದಲು ಬಾರದು ಎಂಬುದನ್ನು ಇಷ್ಟು ವರ್ಷ ಮುಚ್ಚಿಟ್ಟುಕೊಂಡ ಹದಿನಾಲ್ಕರ ಮಗುವು ಅಪರಿಚಿತರ ಮುಂದೆ ಅದು ಬಯಲಾದರೆ ಮರುದಿನ ಬರುವುದಿಲ್ಲ. ಮೂರನೆಯ ಅಥವಾ ನಾಲ್ಕನೆಯ ದಿನ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಮಾಡಿ.

ಕೊನೆಯ ವಾರದ ಎರಡು ದಿನಗಳನ್ನು ಕಾಗದಪತ್ರಗಳಿಗೆ ಮೀಸಲಿಡಿ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇರುವುದರಿಂದಲೇ ವಿದ್ಯಾರ್ಥಿವೇತನ ಕಳೆದುಕೊಂಡ ಮಕ್ಕಳನ್ನು ನಾನು ಬಲ್ಲೆ. ಎಸ್ಸೆಸ್ಸೆಲ್ಸಿ ನೋಂದಣಿಗೆ ಮುಂಚೆಯೇ ಅದನ್ನು ಸರಿಪಡಿಸಿಕೊಳ್ಳುವುದು ಸುಲಭ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಪಡೆಯುವ ಅರ್ಜಿಯನ್ನು ಮಕ್ಕಳೇ ತಮ್ಮ ಕೈಯಿಂದ ತುಂಬಲಿ. ತಂದೆ ತಾಯಿಗೆ ಓದು ಬಾರದ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಕೌಶಲ ನನಗೆ ತಿಳಿದಿಲ್ಲ.

ಮರುಪ್ರಶ್ನೆ: ಲಗ್ಗೆರೆ ನಿವಾಸಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ನಾವು ಎಂಟೂ ಮಂದಿ ಕುಳಿತು ಇದನ್ನೆಲ್ಲ ಓದಿದೆವು. ಶಿಬಿರದ ವೇಳೆಯನ್ನು ಬೆಳಿಗ್ಗೆ ಎಂಟರಿಂದ ಸಂಜೆ ಆರೂವರೆಯವರೆಗೆ ವಿಸ್ತರಿಸಲು, ತಮ್ಮ ತಂಗಿಯರಿಗಾಗಿ ಪಕ್ಕದ ಕೋಣೆಯನ್ನು ಕೇಳಲು ಮತ್ತು ಚಿತ್ರಕಲೆಗೆಂದು ಎತ್ತಿಟ್ಟ ಹಣದ ಬಹುಭಾಗವನ್ನು ಊಟಕ್ಕೆ ತಿರುಗಿಸಲು ತೀರ್ಮಾನಿಸಿದ್ದೇವೆ. ಆ ಇಬ್ಬರು ಹುಡುಗರಲ್ಲಿ ಒಬ್ಬನು ಒಂಬತ್ತನೆಯ ತರಗತಿಗೆ ಮರಳಿದ್ದಾನೆಂದು ತಿಳಿಯಿತು. ಇನ್ನೊಬ್ಬನ ಮನೆಗೆ ಭಾನುವಾರ ಹೋಗುತ್ತೇವೆ.

ಒಂದು ಸಂದೇಹ ಉಳಿದಿದೆ. ಎಸ್ಸೆಸ್ಸೆಲ್ಸಿಯಲ್ಲಿ ಅನುತ್ತೀರ್ಣರಾದ ಮಕ್ಕಳ ಫಲಿತಾಂಶ ನಮ್ಮ ಶಿಬಿರದ ನಡುವೆಯೇ ಬರಬಹುದು. ಅವರನ್ನೂ ಸೇರಿಸಿಕೊಳ್ಳಬಹುದೇ?

ಉತ್ತರ: ನಿವೃತ್ತ ಗಣಿತ ಶಿಕ್ಷಕ

ಖಂಡಿತವಾಗಿ ಸೇರಿಸಿಕೊಳ್ಳಿ, ಆದರೆ ಅವರಿಗೆ ಬೇರೆ ಸಮಯ ಕೊಡಿ. 2023–24ನೆಯ ಸಾಲಿನಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದಿರುವುದರಿಂದ ಅವರ ಒಂದು ವರ್ಷ ವ್ಯರ್ಥವಾಗಬೇಕಿಲ್ಲ. ಫಲಿತಾಂಶಕ್ಕೂ ಎರಡನೆಯ ಪರೀಕ್ಷೆಗೂ ನಡುವೆ ಕೆಲವೇ ವಾರಗಳಿರುತ್ತವೆ. ಫಲಿತಾಂಶ ಬಂದ ದಿನವೇ ಮನೆಗೆ ಹೋಗಿ ಮಾತನಾಡಿಸಿ, ಶಾಲೆಯ ಮೂಲಕ ನೋಂದಣಿ ಮಾಡಿಸಿ. ಒಂದು ವಾರ ತಡವಾದರೆ ಹುಡುಗ ಕೆಲಸಕ್ಕೆ ಸೇರಿರುತ್ತಾನೆ, ಹುಡುಗಿಗೆ ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಗಿರುತ್ತದೆ. ಇಡೀ ಪಠ್ಯವನ್ನು ಮತ್ತೆ ಮಾಡಲು ಹೋಗಬೇಡಿ. ಸಂಖ್ಯಾಶಾಸ್ತ್ರದ ಸರಾಸರಿ, ರೇಖಾತ್ಮಕ ಸಮೀಕರಣಗಳ ನಕ್ಷೆ, ಇವುಗಳನ್ನು ದಿನವೂ ಮಾಡಿಸಿ. ಸಂಜೆ ಆರೂವರೆಯ ನಂತರ ಒಂದೂವರೆ ಗಂಟೆ ಕೊಡುವುದಾದರೆ, ವಾರದಲ್ಲಿ ನಾಲ್ಕು ದಿನ ಮಹಾಲಕ್ಷ್ಮಿ ಬಡಾವಣೆಯಿಂದ ನಾನೇ ಬರುತ್ತೇನೆ. ಸೀಮೆಸುಣ್ಣ ಮತ್ತು ಒಂದು ಕಪ್ಪುಹಲಗೆ ಇದ್ದರೆ ಸಾಕು.